ಇನ್ನೂರ ಒಂದು ಅಂಕಿಗಳ ಒಂದು ಸಂಯುಕ್ತ ಸಂಖ್ಯೆ

1977ನೆಯ ಇಸವಿಯಲ್ಲಿ ಅಮೆರಿಕೆಯ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದಲ್ಲಿ, ಬೆಂಗಳೂರಿನಲ್ಲಿ ಜನಿಸಿದ ಶ್ರೀಮತಿ ಶಕುಂತಲಾ ದೇವಿಯವರ ಮುಂದೆ 201 ಅಂಕಿಗಳ ಒಂದು ಸಂಖ್ಯೆಯನ್ನಿಟ್ಟು, ಅದರ 23ನೆಯ ಮೂಲವೇನೆಂದು ಕೇಳಲಾಯಿತು. ಐವತ್ತು ಸೆಕೆಂಡುಗಳಲ್ಲಿ ಅವರು ನೀಡಿದ ಉತ್ತರ 546372891. ಯೂನಿವ್ಯಾಕ್ ಗಣಕಯಂತ್ರದ ನೆರವಿನಿಂದ ತಾಳೆ ನೋಡಲಾಗಿ ಉತ್ತರವು ಸರಿಯೆಂದು ತಿಳಿದುಬಂದಿತು. ಈ ಪ್ರಸಂಗವನ್ನು ಕೇಳದ ಗಣಿತೋಪಾಧ್ಯಾಯರು ಕರ್ನಾಟಕದಲ್ಲಿ ವಿರಳ. ಆದರೆ ಆ ಸಂಖ್ಯೆಯನ್ನು ಕಣ್ಣಿಟ್ಟು ನೋಡಿದವರು ಇನ್ನೂ ವಿರಳ. ಮಕ್ಕಳಿಗೆ ಈ ಕಥೆಯನ್ನು ಹೇಳಿ, ಚಪ್ಪಾಳೆ ತಟ್ಟಿಸಿ, ಪಾಠವನ್ನು ಅಲ್ಲಿಗೇ ಮುಗಿಸುವುದು ವಾಡಿಕೆಯಾಗಿದೆ. ನಿಜವಾದ ಪಾಠವು ಚಪ್ಪಾಳೆ ನಿಂತ ಮೇಲೆ ಆರಂಭವಾಗತಕ್ಕದ್ದು. ಆ ಸಂಖ್ಯೆಯನ್ನು ಮೂರು ಮೂರು ಅಂಕಿಗಳ ಗುಂಪುಗಳಾಗಿ ಇಲ್ಲಿ ಕೊಟ್ಟಿದೆ.

916 748 676 920 039 158 098 660 927 585
380 162 483 106 680 144 308 622 407 126
516 427 934 657 040 867 096 593 279 205
767 480 806 790 022 783 016 354 924 852
380 335 745 316 935 111 903 596 577 547
340 075 681 688 305 620 821 016 129 132
845 564 805 780 158 806 771

ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಭಾಜಕಗಳನ್ನು ಹೊಂದಿರುವ ಸಂಖ್ಯೆಗೆ ಸಂಯುಕ್ತ ಸಂಖ್ಯೆಯೆಂದು ಹೆಸರು. ಮೇಲಿನದು ಸಂಯುಕ್ತವೆಂಬುದರಲ್ಲಿ ಸಂದೇಹಕ್ಕೆಡೆಯಿಲ್ಲ; 546372891ನ್ನು ಇಪ್ಪತ್ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಬರುವ ಫಲವೇ ಅದು. ಮೂಲದ ಅಂಕಿಗಳನ್ನು ಗಮನಿಸಿದರೆ ಮತ್ತೊಂದು ಸಂಗತಿ ಹೊಳೆಯುತ್ತದೆ. 5, 4, 6, 3, 7, 2, 8, 9, 1. ಒಂದರಿಂದ ಒಂಬತ್ತರವರೆಗಿನ ಪ್ರತಿಯೊಂದು ಅಂಕಿಯೂ ಒಂದೊಂದೇ ಸಲ ಬಂದಿದೆ. ಪ್ರಶ್ನೆಯನ್ನು ರಚಿಸಿದವರು ಒಂಬತ್ತು ಅಂಕಿಗಳನ್ನು ಕಲೆಸಿ ಮೂಲವನ್ನು ಆರಿಸಿ, ಬಳಿಕ ಘಾತವನ್ನು ಲೆಕ್ಕಹಾಕಿಸಿದರೆಂದು ಇದರಿಂದ ಊಹಿಸಬಹುದು. 201 ಅಂಕಿಗಳ ಈ ಕೋಟೆಯೊಳಗೆ ಅಡಗಿದ್ದುದು ಒಂಬತ್ತೇ ಅಂಕಿಗಳ ರಹಸ್ಯ.

ಕೋಟೆಗೆ ಮುಂಬಾಗಿಲೂ ಉಂಟು, ಹಿಂಬಾಗಿಲೂ ಉಂಟು. ಮೊದಲು ಮುಂಬಾಗಿಲು. ‘201 ಅಂಕಿಗಳ ಪೂರ್ಣ 23ನೆಯ ಘಾತ’ ಎಂಬ ಮಾತನ್ನು ಕೇಳಿದೊಡನೆಯೇ, ಸಂಖ್ಯೆಯನ್ನು ನೋಡುವುದಕ್ಕೂ ಮುಂಚೆ, ಮೂಲವು ಸುಮಾರು 49 ಕೋಟಿ 62 ಲಕ್ಷಕ್ಕೂ 54 ಕೋಟಿ 84 ಲಕ್ಷಕ್ಕೂ ನಡುವೆ ಇರಬೇಕೆಂದು ಹೇಳಬಹುದು. ಅದಕ್ಕಿಂತ ಚಿಕ್ಕದಾದರೆ ಘಾತಕ್ಕೆ 200 ಅಂಕಿಗಳೇ ಬರುತ್ತವೆ. ದೊಡ್ಡದಾದರೆ 202 ಆಗುತ್ತವೆ. ಲಾಗರಿದಮ್ ಕೋಷ್ಟಕವನ್ನು ಬಲ್ಲ ಹಳೆಯ ವಿದ್ಯಾರ್ಥಿಗಳಿಗೆ ಮುಂದಿನ ಹೆಜ್ಜೆ ಸುಲಭ. ಸಂಖ್ಯೆಯ ಮೊದಲ ಕೆಲವು ಅಂಕಿಗಳಿಂದ ಅದರ ಲಾಗರಿದಮ್ 200.9622503 ಎಂದು ದೊರೆಯುತ್ತದೆ. ಇದನ್ನು 23ರಿಂದ ಭಾಗಿಸಿದರೆ 8.7374891. ಏಳು ಸ್ಥಾನಗಳ ಕೋಷ್ಟಕದಲ್ಲಿ ಇದರ ಪ್ರತಿಲಾಗರಿದಮನ್ನು ನೋಡಿದರೆ ಮೂಲವು 546372837ರ ಆಸುಪಾಸಿನಲ್ಲಿದೆಯೆಂದೂ, ತಪ್ಪಿದರೆ ಆಚೆಗೆ ಅಥವಾ ಈಚೆಗೆ ಸುಮಾರು ಅರುವತ್ತರಷ್ಟು ಮಾತ್ರ ತಪ್ಪಬಹುದೆಂದೂ ತಿಳಿಯುತ್ತದೆ. ಇನ್ನೂರ ಒಂದು ಅಂಕಿಗಳಲ್ಲಿ ಇದುವರೆಗೆ ಉಪಯೋಗಕ್ಕೆ ಬಂದವು ಆರಂಭದ ಏಳೆಂಟು ಮಾತ್ರ. ನಡುವಿನ ನೂರಾರು ಅಂಕಿಗಳನ್ನು ಮುಟ್ಟಲೇ ಇಲ್ಲ!

ಹಿಂಬಾಗಿಲು ಇದಕ್ಕಿಂತ ಸ್ವಾರಸ್ಯವಾದದ್ದು. ಅದಕ್ಕೆ ಕೋಷ್ಟಕವೂ ಬೇಡ. ಯಾವುದೇ ಸಂಖ್ಯೆಯ ಘಾತಗಳನ್ನು ಬರೆಯುತ್ತ ಹೋದರೆ ಬಿಡಿಸ್ಥಾನದ ಅಂಕಿಯು ನಾಲ್ಕು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ. ಆದುದರಿಂದ 23ನೆಯ ಘಾತದ ಬಿಡಿ ಅಂಕಿಯೂ ಮೂರನೆಯ ಘಾತದ, ಎಂದರೆ ಘನದ, ಬಿಡಿ ಅಂಕಿಯೂ ಒಂದೇ. ಘನಗಳಲ್ಲಿ 2ಕ್ಕೆ 8, 3ಕ್ಕೆ 7, 7ಕ್ಕೆ 3, 8ಕ್ಕೆ 2. ಉಳಿದವು ತಮ್ಮ ಅಂಕಿಯಲ್ಲೇ ಕೊನೆಗೊಳ್ಳುತ್ತವೆ. ಎರಡು ಅಂಕಿಗಳಿಗೆ ಒಂದೇ ಕೊನೆಯೆಂಬ ಗೊಂದಲವಿಲ್ಲ. ನಮ್ಮ ಸಂಖ್ಯೆಯ ಕೊನೆಯ ಅಂಕಿ 1 ಆದುದರಿಂದ ಮೂಲದ ಕೊನೆಯ ಅಂಕಿಯೂ 1.

ಕೊನೆಯ ಎರಡು ಅಂಕಿಗಳಿಗೂ ಇದೇ ನ್ಯಾಯ. ಹತ್ತರೊಡನೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳ ಘಾತಗಳಲ್ಲಿ ಈ ಜೋಡಿಯು ಇಪ್ಪತ್ತು ಹೆಜ್ಜೆಗೊಮ್ಮೆ ತಿರುಗಿ ಬರುತ್ತದೆ. ಇಪ್ಪತ್ತನ್ನು ಕಳೆದರೆ ಮತ್ತೆ ಘನವೇ ಉಳಿಯುತ್ತದೆ. 91ರ ಘನ 753571. ಅದರ ಕೊನೆ 71. ಮೇಲಿನ ಸಂಖ್ಯೆಯ ಕೊನೆಯೂ 71. ಹೀಗೆ ಮೂಲವು 91ರಲ್ಲಿ ಮುಗಿಯಬೇಕೆಂದಾಯಿತು.

ಇನ್ನು ನೂರರ ಸ್ಥಾನ. 91ರ 23ನೆಯ ಘಾತದ ಕೊನೆಯ ಮೂರು ಅಂಕಿಗಳು 371 ಎಂಬುದನ್ನು, ಪ್ರತಿ ಗುಣಾಕಾರದಲ್ಲಿಯೂ ಮೂರೇ ಅಂಕಿಗಳನ್ನು ಉಳಿಸಿಕೊಂಡು, ಪ್ರೌಢಶಾಲೆಯ ಹುಡುಗನೊಬ್ಬನು ಐದು ನಿಮಿಷದೊಳಗೆ ಕಂಡುಕೊಳ್ಳಬಲ್ಲನು. ಮೂಲದ ನೂರರ ಸ್ಥಾನವನ್ನು ಒಂದೊಂದಾಗಿ ಏರಿಸಿದಾಗ ಘಾತದ ನೂರರ ಸ್ಥಾನವು ಮೂರು ಮೂರಾಗಿ ಏರುತ್ತದೆ. ದ್ವಿಪದ ಪ್ರಮೇಯದ ಎರಡನೆಯ ಪದವನ್ನು ಬರೆದು ನೋಡಿದರೆ ಇದರ ಕಾರಣ ತಾನಾಗಿ ಗೋಚರಿಸುತ್ತದೆ. 371ರ ಮೂರನ್ನು 771ರ ಏಳಕ್ಕೆ ತರಬೇಕಾದರೆ ನಾಲ್ಕು ಹೆಚ್ಚಬೇಕು. ಮೂರರ ಮಗ್ಗಿಯಲ್ಲಿ ನಾಲ್ಕರಲ್ಲಿ ಕೊನೆಗೊಳ್ಳುವುದು ಮೂರೆಂಟಲ ಇಪ್ಪತ್ತನಾಲ್ಕು. ಆದುದರಿಂದ ನೂರರ ಸ್ಥಾನದಲ್ಲಿ 8. ಮೂಲದ ಕೊನೆ 891 ಎಂದು ನಿಶ್ಚಯವಾಯಿತು. ಮುಂಬಾಗಿಲಿನಿಂದ ದೊರೆತ 546372837ರ ನೆರೆಹೊರೆಯಲ್ಲಿ 891ರಲ್ಲಿ ಮುಗಿಯುವ ಸಂಖ್ಯೆ ಒಂದೇ ಒಂದು. ಅದೇ 546372891.

ಶಕುಂತಲಾ ದೇವಿಯವರು ಇದೇ ಮಾರ್ಗವನ್ನು ಹಿಡಿದರೆಂದು ಈ ವಿವರಣೆಯ ಅಭಿಪ್ರಾಯವಲ್ಲ. ಅವರ ಮನಸ್ಸಿನ ಮಾರ್ಗ ಅವರದು. ಮಾರ್ಗವೊಂದು ಇದೆಯೆಂಬುದೇ ಇಲ್ಲಿ ಮುಖ್ಯ. ಕ್ರಮಬದ್ಧ ಶಾಲಾಶಿಕ್ಷಣವಿಲ್ಲದೆ, ಸರ್ಕಸ್ಸಿನಲ್ಲಿ ಕಸುಬು ಮಾಡುತ್ತಿದ್ದ ತಂದೆಯೊಡನೆ ಊರೂರು ಸುತ್ತಿ ಬೆಳೆದ ಮಹಿಳೆಯು ಅದನ್ನು ಐವತ್ತು ಸೆಕೆಂಡುಗಳಲ್ಲಿ ದಾಟಿದರೆಂಬುದು, ದಾರಿಯಿದೆಯೆಂದು ತಿಳಿದ ಮೇಲೆ ಕಡಿಮೆಯೆನಿಸುವುದಿಲ್ಲ. ದಾರಿಯ ಒಂದೊಂದು ಮೆಟ್ಟಿಲನ್ನೂ ಹತ್ತಿ ನೋಡಿದವನಿಗೇ ಆ ವೇಗದ ಬೆಲೆ ಗೊತ್ತಾಗುವುದು. ಅದನ್ನು ಪವಾಡವೆಂದು ಕರೆದು ಕೈಮುಗಿದುಬಿಡುವುದು ಗಣಿತಕ್ಕೂ ನ್ಯಾಯವಲ್ಲ, ಅವರಿಗೂ ನ್ಯಾಯವಲ್ಲ. ಅದೇ 1977ರಲ್ಲಿ ಪ್ರಕಟವಾದ ‘ಫಿಗರಿಂಗ್’ ಎಂಬ ತಮ್ಮ ಪುಸ್ತಕದಲ್ಲಿ ಅವರೇ ಲೆಕ್ಕದ ಉಪಾಯಗಳನ್ನು ಸಾಮಾನ್ಯ ಓದುಗರಿಗೆ ಬಿಡಿಸಿ ಹೇಳಿದ್ದಾರೆ.

ಬಾಗಿಲುಗಳನ್ನು ಕಂಡಾಯಿತು, ಕೋಟೆಯ ಒಳಗನ್ನು ನೋಡಬೇಕು. ಒಂದರಿಂದ ಒಂಬತ್ತರವರೆಗಿನ ಅಂಕಿಗಳ ಮೊತ್ತ 45. ಆದುದರಿಂದ ಅವುಗಳನ್ನು ಹೇಗೆ ಕಲೆಸಿ ಜೋಡಿಸಿದರೂ ಬರುವ ಸಂಖ್ಯೆಯು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆರಿಸಿದ ಈ ಜೋಡಣೆಯು ಅದೃಷ್ಟವಶಾತ್ 27ರಿಂದಲೂ ಭಾಗವಾಗುತ್ತದೆ, ಭಾಗಲಬ್ಧ 20236033. ಈ ಭಾಗಲಬ್ಧದ ಅಂಕಿಗಳ ಮೊತ್ತ 19 ಆದುದರಿಂದ ಅದರಲ್ಲಿ ಮೂರು ಉಳಿದಿಲ್ಲ. 27 ಎಂದರೆ ಮೂರರ ಘನ. ಮೂಲದಲ್ಲಿ ಮೂರು ಮೂರು ಸಲ ಇದ್ದರೆ 23ನೆಯ ಘಾತದಲ್ಲಿ ಅರುವತ್ತೊಂಬತ್ತು ಸಲ ಇರಬೇಕು. ಎಂದರೆ ಮೇಲಿನ ಮಹಾಸಂಖ್ಯೆಯು 3ರ 69ನೆಯ ಘಾತದಿಂದ ಸರಿಯಾಗಿ ಭಾಗವಾಗುತ್ತದೆ, 70ನೆಯ ಘಾತದಿಂದ ಆಗುವುದಿಲ್ಲ. ಆ ಭಾಜಕವೊಂದೇ 33 ಅಂಕಿಗಳಷ್ಟು ಉದ್ದವಾದದ್ದು. 69 ಬೆಸವಾದುದರಿಂದ ಮಹಾಸಂಖ್ಯೆಯು ಪೂರ್ಣ ವರ್ಗವಲ್ಲವೆಂಬುದೂ ಇದರಿಂದಲೇ ಸಿದ್ಧ. ಅದಕ್ಕಿರುವ ಭಾಜಕಗಳ ಸಂಖ್ಯೆ ಕನಿಷ್ಠಪಕ್ಷ 70ನ್ನು 24ರಿಂದ ಗುಣಿಸಿದಷ್ಟು, ಎಂದರೆ 1680. ಇಷ್ಟನ್ನೂ ಹೇಳಿದ್ದು ಒಂದೇ ಒಂದು ದೀರ್ಘ ಭಾಗಾಕಾರವನ್ನೂ ಮಾಡದೆ ಎಂಬುದನ್ನು ಗಮನಿಸಬೇಕು.

ಈಗ ಅಚ್ಚಿನ ಪ್ರಶ್ನೆ. 201 ಅಂಕಿಗಳ ಸಾಲನ್ನು ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದರೂ ಮೇಲೆ ಹೇಳಿದ್ದೆಲ್ಲ ನೀರುಪಾಲು. ಈ ಪುಟದಲ್ಲಿ ಅಚ್ಚಾಗಿರುವುದು ಸರಿಯೆಂದು ಓದುಗರು ನಂಬುವುದಾದರೂ ಹೇಗೆ? ನಂಬಬೇಕಾಗಿಲ್ಲ, ಪರೀಕ್ಷಿಸಬಹುದು. ಎಲ್ಲ ಅಂಕಿಗಳನ್ನು ಕೂಡಿದರೆ 882 ಬರಬೇಕು. ಅದು ಒಂಬತ್ತರ ತೊಂಬತ್ತೆಂಟು ಪಟ್ಟು. ಇದು ಹಿರಿಯರು ಬಲ್ಲ ಒಂಬತ್ತರ ತಾಳೆ. ಆದರೆ ಎರಡು ಅಂಕಿಗಳು ಅದಲುಬದಲಾದರೆ ಈ ತಾಳೆಗೆ ತಿಳಿಯದು. ಅದಕ್ಕಿಂತ ಬಲವಾದದ್ದು ಮೂರು ಅಂಕಿಗಳ ಗುಂಪುಗಳ ತಾಳೆ. 67 ಗುಂಪುಗಳನ್ನು ಕೂಡಿದರೆ 33534. ಇದನ್ನೂ ಗುಂಪುಮಾಡಿ 33ಕ್ಕೆ 534ನ್ನು ಕೂಡಿದರೆ 567. 999 ಎಂಬುದು 27 ಮತ್ತು 37ರ ಗುಣಲಬ್ಧವಾದುದರಿಂದ, ಗುಂಪುಗಳ ಮೊತ್ತವು 27ರಿಂದ ಭಾಗವಾದರೆ ಇಡೀ ಸಂಖ್ಯೆಯೂ ಭಾಗವಾಗಲೇಬೇಕು. 567 ಎಂದರೆ 27ರ ಇಪ್ಪತ್ತೊಂದು ಪಟ್ಟು.

ಮತ್ತೊಂದು ತಾಳೆ 1001ರದು. ಕಡೆಯ ಗುಂಪಿನಿಂದ ಹಿಂದಕ್ಕೆ ನಡೆಯುತ್ತ ಒಂದು ಗುಂಪನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋದರೆ ಕೊನೆಗೆ 1884 ಉಳಿಯುತ್ತದೆ. 1001ನ್ನು ಕಳೆದರೆ 883. ಮೂಲಕ್ಕೂ ಹಾಗೆಯೇ ಮಾಡಿದರೆ 891ರಲ್ಲಿ 372 ಕಳೆದು 546 ಕೂಡಿ 1065, ಎಂದರೆ 64. ಈಗ 1001 ಎಂಬುದು 7, 11 ಮತ್ತು 13ರ ಗುಣಲಬ್ಧವೆಂಬುದನ್ನು ನೆನೆಯಬೇಕು. 64ನ್ನು 7ರಿಂದ ಭಾಗಿಸಿದರೆ ಶೇಷ 1. ಒಂದರ ಯಾವ ಘಾತವೂ ಒಂದೇ. 883ನ್ನು 7ರಿಂದ ಭಾಗಿಸಿದರೂ ಶೇಷ 1. 13ರಿಂದ ಭಾಗಿಸಿದರೆ 64ಕ್ಕೆ ಶೇಷ 12, ಅಂದರೆ ಹದಿಮೂರಕ್ಕೆ ಒಂದು ಕಡಿಮೆ. ಅದರ ಬೆಸ ಘಾತಗಳೆಲ್ಲಕ್ಕೂ ಶೇಷ 12. 883ಕ್ಕೂ ಶೇಷ 12. ಹನ್ನೊಂದರ ತಾಳೆಯಲ್ಲಿ 64ಕ್ಕೆ ಶೇಷ 9. ಒಂಬತ್ತರ ಐದನೆಯ ಘಾತವಾದ 59049ನ್ನು ಹನ್ನೊಂದರಿಂದ ಭಾಗಿಸಿದರೆ ಒಂದುಳಿಯುತ್ತದೆ, ಆದುದರಿಂದ 23ನೆಯ ಘಾತದ ಬದಲು ಮೂರನೆಯದನ್ನು ನೋಡಿದರೆ ಸಾಕು, 729ಕ್ಕೆ ಶೇಷ 3, 883ಕ್ಕೂ 3. ಇಷ್ಟೆಲ್ಲ ತಾಳೆಗಳನ್ನು ದಾಟಿದ ಮೇಲೂ, ಒಂದು ಗುಂಪನ್ನು ಅದರಿಂದ ಎರಡು ಸ್ಥಾನ ಆಚೆಯ ಗುಂಪಿನೊಡನೆ ಇಡಿಯಾಗಿ ಅದಲುಬದಲು ಮಾಡಿದರೆ ತಪ್ಪು ನುಸುಳಿಕೊಳ್ಳಬಹುದು. ತಾಳೆಯು ತಪ್ಪನ್ನು ಹಿಡಿಯುವ ಬಲೆ. ಬಲೆಗೆ ಕಣ್ಣುಗಳಿದ್ದೇ ಇರುತ್ತವೆ.

ಸಂಖ್ಯೆಯ ಒಳಕಟ್ಟನ್ನು ಹೀಗೆ ಕುತೂಹಲದಿಂದ ನೋಡುವ ಅಭ್ಯಾಸ ಕನ್ನಡ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಗುಣಿಸಿದಾಗ ಕಂಠಾಭರಣದಂತೆ ಕಾಣುವ ಗುಣಲಬ್ಧಗಳನ್ನು ಪೋಣಿಸಿಟ್ಟಿದ್ದಾನೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸರ, 11111111. 27994681ನ್ನು 441ರಿಂದ ಗುಣಿಸಿದರೆ 12345654321. 142857143ನ್ನು 7ರಿಂದ ಗುಣಿಸಿದರೆ ಎರಡು ತುದಿಗಳಲ್ಲಿ ಒಂದೊಂದು ಮಣಿಯಿಟ್ಟು ನಡುವೆ ಸೊನ್ನೆಗಳನ್ನು ಪೋಣಿಸಿದ 1000000001. ಎಂಟು ಒಂದುಗಳ ಸಂಖ್ಯೆಯು ಸಂಯುಕ್ತವೆಂದೂ, ಅದರೊಳಗೆ 73 ಅಡಗಿದೆಯೆಂದೂ ಯಂತ್ರವಿಲ್ಲದ ಕಾಲದಲ್ಲಿ ಕಂಡುಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ಆಟದಂತೆ ತೋರುವ ಇವು ಅಪವರ್ತನದ ಪಾಠಗಳೇ ಸರಿ.

ಡಲ್ಲಾಸಿನ ಪ್ರಸಂಗ ನಡೆದ ಮೂರು ವರ್ಷಗಳ ಬಳಿಕ, 1980ರ ಜೂನ್ 18ರಂದು, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗಣಕ ವಿಭಾಗವು ಯಾದೃಚ್ಛಿಕವಾಗಿ ಆರಿಸಿದ 7686369774870 ಮತ್ತು 2465099745779 ಎಂಬ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಶಕುಂತಲಾ ದೇವಿಯವರು ಮನಸ್ಸಿನಲ್ಲೇ ಗುಣಿಸಿ 18947668177995426462773730 ಎಂದು ಹೇಳಿದರು. ತೆಗೆದುಕೊಂಡ ಕಾಲ 28 ಸೆಕೆಂಡು ಎಂದು ಗಿನ್ನೆಸ್ ದಾಖಲೆಗಳ ಪುಸ್ತಕದ 1982ರ ಆವೃತ್ತಿಯಲ್ಲಿ ನಮೂದಾಗಿದೆ. ಇಪ್ಪತ್ತಾರೇ ಅಂಕಿಗಳ ಈ ಸಂಖ್ಯೆ ಹಿಂದಿನದರ ಮುಂದೆ ಕುಬ್ಜವಾಗಿ ಕಾಣುತ್ತದೆ. ವಾಸ್ತವವಾಗಿ ಎರಡರಲ್ಲಿ ಕಠಿನವಾದದ್ದು ಇದೇ. ಮೊದಲನೆಯದರಲ್ಲಿ ಹುಡುಕಬೇಕಾದುದು ಒಂಬತ್ತು ಅಂಕಿಗಳು, ಮತ್ತು ಅವು ಎರಡೂ ತುದಿಗಳಿಂದ ತಾವಾಗಿಯೇ ಹೊರಗಿಣುಕುತ್ತವೆ. ಇಲ್ಲಿ ಇಪ್ಪತ್ತಾರು ಅಂಕಿಗಳಲ್ಲಿ ಒಂದೊಂದನ್ನೂ ದುಡಿದೇ ಗಳಿಸಬೇಕು. ಅಂಕಿಗೆ ಅಂಕಿಯನ್ನು ಗುಣಿಸುವ ಕ್ರಿಯೆಗಳೇ 169. ಅವುಗಳ ದಶಕಗಳನ್ನು ನೆನಪಿನಲ್ಲಿ ಹೊತ್ತು ಸಾಗಬೇಕು. ನಡುವೆ ಅಡ್ಡದಾರಿಯಿಲ್ಲ.

ಉತ್ತರದ ತಾಳೆಯೂ ಸ್ವಾರಸ್ಯಕರವಾಗಿದೆ. ಗುಣ್ಯದ ಅಂಕಿಗಳ ಮೊತ್ತ 78, ಗುಣಕದ್ದು 74. ಒಂಬತ್ತರಿಂದ ಭಾಗಿಸಿದರೆ ಶೇಷಗಳು 6 ಮತ್ತು 2. ಅವುಗಳ ಗುಣಲಬ್ಧ 12ಕ್ಕೆ ಶೇಷ 3. ಉತ್ತರದ ಅಂಕಿಗಳ ಮೊತ್ತ 138. ಅದಕ್ಕೂ ಶೇಷ 3. 999ರ ತಾಳೆಯಲ್ಲಿ ಗುಣ್ಯಕ್ಕೆ 708, ಗುಣಕಕ್ಕೆ 92, ಅವುಗಳ ಗುಣಲಬ್ಧ 65136ಕ್ಕೆ 201, ಉತ್ತರಕ್ಕೂ 201. (ಡಲ್ಲಾಸಿನ ಸಂಖ್ಯೆಗೂ 201 ಅಂಕಿಗಳೇ; ಇದು ಕೇವಲ ಕಾಕತಾಳೀಯ.) 1001ರ ತಾಳೆಯಲ್ಲಿ ಗುಣಕಕ್ಕೆ ಬರುವ ಫಲ ಋಣ 330. ಇದು ಹನ್ನೊಂದರಿಂದ ಭಾಗವಾಗುವುದರಿಂದ ಗುಣಕವೂ ಭಾಗವಾಗಬೇಕು. ಆಗುತ್ತದೆ, ಭಾಗಲಬ್ಧ 224099976889. ಹೀಗೆ ಉತ್ತರವಾಗಿ ಬಂದ ಸಂಯುಕ್ತ ಸಂಖ್ಯೆಯಲ್ಲಿ 2, 3, 5 ಮತ್ತು 11 ಒಂದೊಂದು ಸಲ ಮಾತ್ರ ಅಪವರ್ತನಗಳಾಗಿರುವುದನ್ನೂ, 7 ಮತ್ತು 13 ಇಲ್ಲದಿರುವುದನ್ನೂ ಕಾಗದದ ಒಂದು ಮಗ್ಗುಲಲ್ಲಿ ತೋರಿಸಬಹುದು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ರೇಷ್ಮೆಗೂಡನ್ನು ತೂಗಿ, ದರದಿಂದ ಗುಣಿಸಿ ಹಣ ಎಣಿಸಿಕೊಳ್ಳುವ ರೈತನಿಗೆ ಗುಣಾಕಾರ ಸರಿಯೇ ಎಂಬ ಪ್ರಶ್ನೆ ಹೊಸದಲ್ಲ. ಅದೇ ಪ್ರಶ್ನೆಯನ್ನು ಲಂಡನ್ನಿನ ಲೆಕ್ಕಕ್ಕೂ ಹಾಕಬಹುದೆಂದು ಅವನ ಮಕ್ಕಳಿಗೆ ತಿಳಿಸಿದರೆ ಶಾಲೆಯ ಕೆಲಸ ಸಾರ್ಥಕ.

ತಾಳೆಯು ಉತ್ತರ ಸರಿಯೆಂದು ಹೇಳಬಲ್ಲುದೇ ಹೊರತು ಕಾಲವನ್ನು ಹೇಳಲಾರದು. ಮಹಾ ಮನೋಗಣಕರ ಚರಿತ್ರೆಯನ್ನು ಬರೆದ ಸ್ಟೀವನ್ ಸ್ಮಿತ್ ಎಂಬ ವಿದ್ವಾಂಸನು, 28 ಸೆಕೆಂಡು ಎಂಬುದು ಹಿಂದಿನ ಎಲ್ಲ ವರದಿಗಳನ್ನೂ ಬಹುದೂರ ಮೀರಿಸಿರುವುದರಿಂದ ಅದನ್ನು ನಂಬುವುದು ಕಷ್ಟವೆಂದು ಸಂದೇಹಪಟ್ಟನು. ಈ ಸಂದೇಹವನ್ನು ಮಕ್ಕಳಿಂದ ಮರೆಮಾಚುವ ಅಗತ್ಯವಿಲ್ಲ. ಅವರ ಸಾಮರ್ಥ್ಯಕ್ಕೆ ಬೇರೆ ಸಾಕ್ಷಿಯೂ ಇದೆ. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿ, 61629875ರ ಘನಮೂಲ 395 ಎಂಬುದನ್ನೂ 170859375ರ ಏಳನೆಯ ಮೂಲ 15 ಎಂಬುದನ್ನೂ ತಾನು ಸಂಖ್ಯೆಗಳನ್ನು ಬರೆದುಕೊಳ್ಳುವುದರೊಳಗೆ ಅವರು ಹೇಳಿಬಿಟ್ಟರೆಂದು 1990ರಲ್ಲಿ ಪ್ರಕಟಿಸಿದನು. 2013ರ ಏಪ್ರಿಲ್ 21ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ಉದ್ದವೇ ಕಷ್ಟವಲ್ಲವೆಂಬುದಕ್ಕೆ 1977ನೆಯ ಇಸವಿಯೇ ಮತ್ತೊಂದು ನಿದರ್ಶನವನ್ನು ಒದಗಿಸಿದೆ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅಮೆರಿಕೆಯ ವಿಜ್ಞಾನ ಪತ್ರಿಕೆಯೊಂದರಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು ರೂಪಿಸಿದ 129 ಅಂಕಿಗಳ ಒಂದು ಸಂಯುಕ್ತ ಸಂಖ್ಯೆ ಪ್ರಕಟವಾಯಿತು. ಅದು ಕೇವಲ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ: ಒಂದಕ್ಕೆ 64 ಅಂಕಿಗಳು, ಮತ್ತೊಂದಕ್ಕೆ 65. ಅವನ್ನು ಕಂಡುಹಿಡಿದು ಗುಪ್ತಸಂದೇಶವನ್ನು ಓದಿದವರಿಗೆ ನೂರು ಡಾಲರ್ ಬಹುಮಾನ. ಡಲ್ಲಾಸಿನ ಸಂಖ್ಯೆಗಿಂತ 72 ಅಂಕಿಗಳಷ್ಟು ಚಿಕ್ಕದಾದ ಈ ಸಂಖ್ಯೆಯನ್ನು ಒಡೆಯಲು ಹದಿನೇಳು ವರ್ಷ ಹಿಡಿಯಿತು. 1994ರ ಏಪ್ರಿಲಿನಲ್ಲಿ, ಸುಮಾರು ಆರುನೂರು ಮಂದಿ ಸ್ವಯಂಸೇವಕರು ತಮ್ಮ ಗಣಕಯಂತ್ರಗಳನ್ನು ಎಂಟು ತಿಂಗಳ ಕಾಲ ದುಡಿಸಿದ ಮೇಲೆ ಅದು ಬಿರಿಯಿತು. ಇದೇ ಬಗೆಯ 200 ಅಂಕಿಗಳ ಸಂಖ್ಯೆ ಒಡೆದದ್ದು 2005ರಲ್ಲಿ. 250 ಅಂಕಿಗಳದು 2020ರಲ್ಲಿ. ಬ್ಯಾಂಕಿನ ವ್ಯವಹಾರಗಳೂ ಗೋಪ್ಯ ಪತ್ರಗಳೂ ದೂರವಾಣಿಯ ತಂತಿಗಳಲ್ಲಿ ಸುರಕ್ಷಿತವಾಗಿ ಸಾಗುವುದಕ್ಕೆ ಈ ಬಗೆಯ ಸಂಖ್ಯೆಗಳ ಹಟಮಾರಿತನವನ್ನೇ ಬಹುಕಾಲದಿಂದ ನೆಚ್ಚಿಕೊಳ್ಳಲಾಗಿದೆ. ಗುಣಿಸುವುದು ಸುಲಭ, ಬಿಡಿಸುವುದು ದುಸ್ತರ.

ಡಲ್ಲಾಸಿನ ಸಂಖ್ಯೆಯಿಂದ ಬೀಗ ಮಾಡಿದ್ದರೆ ಅದು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಅದು ಯಾವುದಾದರೊಂದು ಪೂರ್ಣ ಘಾತವಾಗಿರಬಹುದೆಂಬ ಗುಮಾನಿ ಬಂದವನು ವರ್ಗಮೂಲ, ಘನಮೂಲ ಎಂದು ಆರಂಭಿಸಿ 667ನೆಯ ಮೂಲದವರೆಗೆ ಪ್ರಯತ್ನಿಸಿದರೆ ಸಾಕು. ಅದಕ್ಕಿಂತ ಮೇಲೆ ಹೋದರೆ ಮೂಲವು ಎರಡಕ್ಕಿಂತ ಚಿಕ್ಕದಾಗುತ್ತದೆ. ಇಪ್ಪತ್ಮೂರರಲ್ಲಿಯೇ ಬೀಗ ಕಳಚಿಕೊಳ್ಳುತ್ತದೆ. ಒಂದೇ ಇಟ್ಟಿಗೆಯನ್ನು ಇಪ್ಪತ್ಮೂರು ಸಲ ಪೇರಿಸಿದ ಗೋಡೆಗೂ, ಒಂದನ್ನೊಂದು ಹೋಲದ ಎರಡೇ ಬಂಡೆಗಳನ್ನು ಸಂದಿಲ್ಲದಂತೆ ಕೂಡಿಸಿದ ಗೋಡೆಗೂ ಇರುವ ವ್ಯತ್ಯಾಸವಿದು.

ಮೇಲ್ತರಗತಿಯ ವಿದ್ಯಾರ್ಥಿಗಳಿಗಾಗಿ ಕೆಲಸವೊಂದು ಉಳಿದಿದೆ. ಮೂಲವನ್ನು 27ರಿಂದ ಭಾಗಿಸಿದಾಗ ಬಂದ 20236033ನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿದರೆ 201 ಅಂಕಿಗಳ ಮಹಾಸಂಖ್ಯೆಯೂ ಪೂರ್ತಿ ಬಿಡಿಸಿದಂತೆಯೇ. ಅದರ ವರ್ಗಮೂಲ 4498ಕ್ಕೂ 4499ಕ್ಕೂ ನಡುವೆ ಇರುವುದರಿಂದ 4498ರವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ಅಂತಹವು ಆರುನೂರಕ್ಕೆ ಸ್ವಲ್ಪ ಹೆಚ್ಚು. ನಲವತ್ತು ಮಕ್ಕಳ ತರಗತಿಯಲ್ಲಿ ತಲೆಗೆ ಹದಿನೈದು, ಹದಿನಾರು ಬರುತ್ತವೆ. 2, 3 ಮತ್ತು 5 ಆಗದೆಂಬುದು ನೋಡಿದೊಡನೆಯೇ ಗೊತ್ತಾಗುತ್ತದೆ. 7ರಿಂದ ಭಾಗಿಸಿದರೆ ಶೇಷ 6, 11ರಿಂದ 4, 13ರಿಂದ 12. ಮುಂದಿನದು 17.